ಬಡಿಸಬಹುದೋ ಬಾರದೋ

ಅಕ್ಕಯ್ಯ ಸತ್ತದ್ದು ಕ್ಷಯದಿಂದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಿ, ಅದೂ ಇದೂ ಮಾತಾಡುತ್ತ, "ದೇವಸ್ಥಾನದ ಹಿಂದುಗಡೆ ಊಟದ ಮನೆ ಇಟ್ಟಿದ್ದರಲ್ಲ ಅಕ್ಕಯ್ಯ, ಪಾಪ, ಕ್ಷಯ ಬಂದು ಹೋದರು" ಎಂದರು. ನನಗೆ ಮೈ ಉರಿದುಹೋಯಿತು. "ಯಾರ್ರೀ ನಿಮಗೆ ಹೇಳಿದ್ದು ಕ್ಷಯ ಅಂತ? ನೀವೇನು ನೋಡಿದ್ರಾ?" ಎಂದು ಗದರಿಬಿಟ್ಟೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ವಯಸ್ಸಾಯಿತು, ಇನ್ನಾದರೂ ಸಿಟ್ಟು ಕಡಿಮೆ ಮಾಡಿಕೊಳ್ಳಿ ಎಂದು ನನ್ನ ಮನೆಯಾಕೆ ಹೇಳುತ್ತಲೇ ಇರುತ್ತಾಳೆ. ಈ ಒಂದು ವಿಷಯದಲ್ಲಿ ಕಡಿಮೆ ಮಾಡಿಕೊಳ್ಳುವ ಇರಾದೆ ನನಗಿಲ್ಲ. ಆ ಮಾತು ನಿಜವೋ ಸುಳ್ಳೋ ಎಂದು ತಿಳಿದುಕೊಳ್ಳುವುದಕ್ಕೆ ಆಕೆ ಪಟ್ಟ ಪಾಡನ್ನು ಕಣ್ಣಾರೆ ಕಂಡವನು ನಾನು.

ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಬೇಲೂರಿನ ಮಿಡ್ಲ್ ಸ್ಕೂಲಿಗೆ ನಾನು ಹೊಸದಾಗಿ ಮೇಷ್ಟ್ರಾಗಿ ಬಂದಿದ್ದೆ. ಮದುವೆಯಾಗಿರಲಿಲ್ಲ, ಅನ್ನ ಬಸಿಯಲು ಬರುತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ನನ್ನನ್ನು ಒಂದು ಹೆಂಚಿನ ಮನೆಗೆ ಕರೆದುಕೊಂಡು ಹೋಗಿ, "ಅಕ್ಕಯ್ಯ, ಇನ್ನೊಂದು ಎಲೆ" ಎಂದು ಕೂಗಿದರು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದ ಹೆಂಗಸೊಬ್ಬರು ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಖಾರ ತಿಂತೀಯಾ?"

"ತಿಂತೀನಿ."

"ಹಾಗಾದ್ರೆ ಬಾ."

ನಮ್ಮ ಪರಿಚಯ ಆದದ್ದು ಹೀಗೆ. ಅಂದಿನಿಂದ ಆಕೆ ನನ್ನನ್ನು ಮೇಷ್ಟ್ರೇ ಎಂದು ಕರೆದು, ಏಕವಚನದಲ್ಲಿ ಮಾತಾಡಿಸುತ್ತ ಬಂದರು. ಊರಿನಲ್ಲಿ ಯಾರೂ ಆಕೆಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಎಲ್ಲರಿಗೂ ಅಕ್ಕಯ್ಯ. ತೀರ ಚಿಕ್ಕ ವಯಸ್ಸಿನಲ್ಲಿ ಗಂಡ ಹೋದಾಗ ಅತ್ತೆಮನೆಯವರು ಒಲೆಯ ಮುಂದೆ ಕೂರಿಸಿದರಂತೆ. ಅಲ್ಲಿಂದ ಎದ್ದಿರಲಿಲ್ಲ. ಅತ್ತೆ ಮಾವ ಹೋದಮೇಲೆ ಆ ಮನೆಯಲ್ಲೇ ನಮ್ಮಂಥ ಒಂಟಿ ಜನಕ್ಕೆ ಅಡಿಗೆ ಮಾಡಿ ಹಾಕುತ್ತಿದ್ದರು. ಅಡಿಗೆಮನೆಗೆ ಇದ್ದದ್ದು ಅಂಗೈಯಗಲದ ಒಂದು ಬೆಳಕಿಂಡಿ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಸಿದರೆ ಒಳಗಿದ್ದವರ ಮುಖ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು.

ಮೈ ಕಡ್ಡಿ. ಎದೆ ಮಾತ್ರ ಪೀಪಾಯಿಯ ಹಾಗೆ ಉಬ್ಬಿತ್ತು. ಬಡಿಸುವಾಗ ಆಕೆಯ ಬೆರಳುಗಳು ಕಣ್ಣಿಗೆ ಬೀಳುತ್ತಿದ್ದವು, ತುದಿಯೆಲ್ಲ ಗುಂಡಗೆ ಊದಿಕೊಂಡು ಉಗುರು ಬಾಗಿತ್ತು. ಉಸಿರನ್ನು ಬಲು ಜಿಪುಣತನದಿಂದ ಖರ್ಚು ಮಾಡುತ್ತಿದ್ದರು. "ಸಾರು?" "ಸಾಕಾ?" "ಹಾಕ್ಲಾ?" ಇಷ್ಟೇ. ಒಂದು ಮಾತಾದ ಮೇಲೆ ತುಟಿ ದುಂಡಗೆ ಮಾಡಿ ಮೆಲ್ಲಗೆ ಉಸಿರು ಬಿಡುತ್ತಿದ್ದರು. ಊದುಗೊಳವೆ ಹಿಡಿದು ಹಿಡಿದು ಬಂದ ಅಭ್ಯಾಸ ಎಂದುಕೊಂಡು, "ಅಕ್ಕಯ್ಯ, ಒಲೆ ಅಲ್ಲಿದೆ, ಇಲ್ಲಿ ಯಾಕೆ ಊದ್ತೀರಿ?" ಎಂದು ಚುಡಾಯಿಸಿದ್ದೆ. ಎದೆ ಮುಟ್ಟಿ ತೋರಿಸಿ, "ಒಂದು ಇಲ್ಲೂ ಉರೀತಿದೆ ಕಣೋ" ಎಂದಿದ್ದರು.

ಕೆಮ್ಮುವುದಕ್ಕೆ ಆಕೆಗೆ ಹೊತ್ತು ಗೊತ್ತಿತ್ತು. ಬೆಳಗಿನ ಜಾವ, ಸ್ನಾನಕ್ಕೆ ಮುಂಚೆ, ಹಿತ್ತಿಲಲ್ಲಿ. ಒಮ್ಮೆ ಸ್ನಾನವಾಗಿ ಮಡಿ ಉಟ್ಟರೆ ಮುಗಿಯಿತು. ಮಡಿಯಲ್ಲಿ ಉಗುಳಿದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ. ಗಂಟಲವರೆಗೆ ಬಂದ ಕಫವನ್ನು ಹಾಗೇ ನುಂಗಿಬಿಡುತ್ತಿದ್ದರು. ಕಣ್ಣಲ್ಲಿ ನೀರು ತುಂಬುತ್ತಿತ್ತು, ಸೌಟು ಅಲ್ಲಾಡುತ್ತಿರಲಿಲ್ಲ.

ಎರಡನೆಯ ವರ್ಷದ ಆಷಾಢದಲ್ಲಿ ಇರಬೇಕು, ಒಂದು ಮಧ್ಯಾಹ್ನ ಪಲ್ಯ ಬಡಿಸುತ್ತಿದ್ದವರಿಗೆ ನುಂಗಲಾಗದಂಥ ಕೆಮ್ಮು ಬಂತು. ಗೋಡೆಯ ಕಡೆ ತಿರುಗಿದರು. ಸಾರಿಸಿದ ನೆಲದ ಮೇಲೆ ಒಂದು ತೊಟ್ಟು ನೆತ್ತರು ಬಿತ್ತು. ತಟಕ್ಕನೆ ಅದರ ಮೇಲೆ ಕಾಲಿಟ್ಟರು. ಆದರೆ ನನ್ನ ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ನೋಡಿಬಿಟ್ಟಿದ್ದರು. ಕಲಸಿದ ಅನ್ನ ಬಿಟ್ಟು, ಎಲೆ ಮಡಿಸಿ ಎದ್ದರು. ಬೀದಿಗೆ ಬಂದ ಮೇಲೆ ನನ್ನ ತೋಳು ಹಿಡಿದು, "ಇದು ಕ್ಷಯ ಕಣ್ರೀ ಮೇಷ್ಟ್ರೇ. ನೀವೂ ಬಿಟ್ಟುಬಿಡಿ" ಎಂದರು. ನಾನು ಬಾಯಿಗೆ ಬಂದಂತೆ ಬೈದೆ. ಅವರ ಒಡಹುಟ್ಟಿದ ತಮ್ಮ ಹಿಂದಿನ ವರ್ಷ ಅದೇ ರೋಗದಲ್ಲಿ ಅವರ ಕಣ್ಣೆದುರೇ ಹೋಗಿದ್ದ ಎಂದು ಆಮೇಲೆ ತಿಳಿಯಿತು. ಹೆದರಿದ್ದರು ಮನುಷ್ಯ, ಕೆಟ್ಟವರಲ್ಲ.

ಅವರು ಊರಿಗೆಲ್ಲ ಸಾರಲಿಲ್ಲ. ಸಾರುವ ಅಗತ್ಯವೂ ಇರಲಿಲ್ಲ. ಒಬ್ಬರಿಗೆ ಮನೆಯಿಂದ ಹೆಂಡತಿ ಬಂದಳಂತೆ, ಇನ್ನೊಬ್ಬರಿಗೆ ಹೊಟ್ಟೆ ಸರಿಯಿಲ್ಲವಂತೆ. ಪಂಕ್ತಿ ಸವೆಯುತ್ತ ಸವೆಯುತ್ತ ನಾನೊಬ್ಬನೇ ಉಳಿದೆ. ದಿನಾ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದ ಪಕ್ಕದ ಮನೆಯ ಪದ್ದಮ್ಮ ಬಾಗಿಲ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ಅಕ್ಕಯ್ಯ ಯಾರನ್ನೂ ಏನೂ ಕೇಳಲಿಲ್ಲ. ಒಂದು ದಿನ ನನಗೆ ಮಜ್ಜಿಗೆ ಬಡಿಸಿದವರು ಸೌಟು ಹಿಡಿದೇ ಎದುರಿಗೆ ಕೂತರು.

"ಮೇಷ್ಟ್ರೇ, ಇಷ್ಟು ವರ್ಷ ನಾನು ಜನಕ್ಕೆ ಅನ್ನ ಹಾಕಿದೆನೋ, ವಿಷ ಹಾಕಿದೆನೋ? ಅದೊಂದು ಗೊತ್ತಾಗ್ಬೇಕು ನನಗೆ. ಬದುಕೋದು ಬಿಡೋದು ಹಾಗಿರ್ಲಿ."

ಅರಸೀಕೆರೆಯ ಸ್ಟೇಷನ್ನಿನ ಹತ್ತಿರ ಮದರಾಸಿನ ಕಡೆಯ ಡಾಕ್ಟರೊಬ್ಬರಿದ್ದರು. ಅವರ ಬಳಿ ಸೂಕ್ಷ್ಮದರ್ಶಕ ಇದೆಯೆಂದು ಕೇಳಿದ್ದೆ. ಭಾನುವಾರ ಹೋಗಿ ಎಲ್ಲ ಹೇಳಿದೆ. ಅವರು ಅಗಲ ಬಾಯಿಯ ಒಂದು ಗಾಜಿನ ಸೀಸೆ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಇದರಲ್ಲಿ ಉಗಿದು ಕೊಡಲಿ, ಕ್ಷಯದ ಕ್ರಿಮಿ ಇದ್ದರೆ ಕಾಣುತ್ತದೆ ಎಂದರು. ಸೀಸೆ ತಂದುಕೊಟ್ಟರೆ ಅಕ್ಕಯ್ಯ ಹೌಹಾರಿದರು. "ಉಗಿದು ಇನ್ನೊಬ್ಬರ ಕೈಗೆ ಕೊಡೋದೇ? ರಾಮ ರಾಮ!" ಎರಡು ದಿನ ಸೀಸೆ ಹಿತ್ತಿಲ ಗೋಡೆಯ ಮೇಲೇ ಇತ್ತು. ಮೂರನೆಯ ದಿನ, ಬಾಳೆಯೆಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿ, ಮುಖ ಆ ಕಡೆ ಮಾಡಿಕೊಂಡು ನನ್ನ ಮುಂದಿಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ. ಹಳೇಬೀಡಿನಲ್ಲಿ ಹತ್ತಿದ ರೈತನೊಬ್ಬ, "ಏನ್ ಸೋಮಿ ಅದು, ಹಳ್ಳೆಣ್ಣೆಯಾ?" ಎಂದ. ಹೌದು ಎಂದೆ. "ನಮ್ಮನೇಲೂ ಐತೆ, ಬೇಕಾರೆ ಯೋಳಿ" ಎಂದ. ನಗು ಬಂದರೂ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಡಾಕ್ಟರು ನೋಡಿ, ಇದರಲ್ಲಿ ಕ್ರಿಮಿ ಇಲ್ಲ ಎಂದರು. ಅಷ್ಟು ಸಾಕಾಯಿತು ನನಗೆ. ಬೇಲೂರಿಗೆ ಬಂದವನೇ ಕಚೇರಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ವಾರದೊಳಗೆ ಪಂಕ್ತಿ ಮತ್ತೆ ತುಂಬಿತು. ಗುಮಾಸ್ತರೂ ತಲೆ ತಗ್ಗಿಸಿಕೊಂಡು ಬಂದು ಕೂತರು. ಅಕ್ಕಯ್ಯ ಅವರಿಗೆ ಪಲ್ಯವನ್ನು ಎರಡು ಸಲ ಬಡಿಸಿದರು.

ಒಂದು ಸಂಜೆ, ಎಲ್ಲರೂ ಉಂಡು ಹೋದ ಮೇಲೆ, ಅಕ್ಕಯ್ಯ ಕೇಳಿದರು. "ಅಲ್ಲ ಮೇಷ್ಟ್ರೇ, ಆ ಡಾಕ್ಟರು ನೋಡಿದ್ದು ಏನನ್ನ?"

"ಕಫವನ್ನ."

"ಕಫವನ್ನಾ? ಬಾಯಿನೀರನ್ನಲ್ವಾ?"

"ಬಾಯಿನೀರಲ್ಲಿ ಏನಿರುತ್ತೆ ಅಕ್ಕಯ್ಯ? ರೋಗ ಇರೋದು ಎದೆಯಿಂದ ಬರೋ ಕಫದಲ್ಲಿ."

ಅಕ್ಕಯ್ಯ ಗೋಡೆಗೆ ಒರಗಿ ಕೂತರು. ಆಮೇಲೆ, ಉಸಿರಿಗೊಂದು ಮಾತಿನ ಹಾಗೆ, ನಡೆದದ್ದನ್ನು ಹೇಳಿದರು. ಇನ್ನೊಬ್ಬರ ಕೈಗೆ ಹೋಗುವಂಥದು, ಹೊಲಸಾಗಿ ಕೊಡುವುದು ಹೇಗೆ? ಹಿತ್ತಿಲಲ್ಲಿ ಕೆಮ್ಮಿ ಎಲ್ಲ ಉಗಿದು, ಸ್ನಾನ ಮಾಡಿ, ಮಡಿ ಉಟ್ಟು, ಬಾಯಿ ಮುಕ್ಕಳಿಸಿ, ಒಂದು ದಳ ತುಳಸಿ ಅಗಿದು, ಆಮೇಲೆ ಸೀಸೆಗೆ ಉಗಿದಿದ್ದರು.

"ತೀರ್ಥದ ಹಾಗಿತ್ತಲ್ಲೋ ಅದು! ಅದರಲ್ಲಿ ಏನು ಕಂಡೀತು ಅವರಿಗೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಳಿದದ್ದು ಒಂದೇ, ಈ ಮಾತು ಈ ಗೋಡೆ ದಾಟಬಾರದು. "ಅಕ್ಕಯ್ಯ, ಹೋಗಲಿ ಬಿಡಿ. ಎಲ್ಲರೂ ಬಂದಿದ್ದಾರೆ. ಸುಮ್ಮನಿದ್ದುಬಿಡಿ" ಎಂದೆ. ಆಕೆ ಹಾಗೆ ಸಿಟ್ಟಾದದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

"ಸುಮ್ಮನಿರೋದಾ? ನಾಳೆ ನೀನೇ ಕೆಮ್ಮಿದ್ರೆ? ಆ ಗುಮಾಸ್ತ ಕೆಮ್ಮಿದ್ರೆ? ಮೊದಲೇ ತಮ್ಮನ್ನ ಕಳಕೊಂಡಿದಾನೆ. ಆವಾಗ ಬಾಯಿಗೆ ತುಳಸಿ ನೀರು ಬಿಡ್ಲಾ ನಾನು?"

ಅಷ್ಟು ಮಾತಾಡಿದ್ದಕ್ಕೆ ಬಹಳ ಹೊತ್ತು ಏದುಸಿರು ಬಿಟ್ಟರು. ಮರುದಿನ ಒಲೆ ಹಚ್ಚಲಿಲ್ಲ. ಜಗಲಿಯ ಮೇಲೆ ಕೂತು, ಬಂದ ಒಬ್ಬೊಬ್ಬರಿಗೂ, "ಊಟ ಇಲ್ಲಪ್ಪ. ಪರೀಕ್ಷೆ ಸರಿಯಾಗಿ ಆಗಿಲ್ಲ. ಆಗೋವರೆಗೂ ಬರಬೇಡಿ" ಎಂದು ತಾವೇ ಹೇಳಿ ಕಳಿಸಿದರು. ಕಷ್ಟಪಟ್ಟು ಕೂಡಿಬಂದ ಪಂಕ್ತಿಯನ್ನು ತಮ್ಮ ಬಾಯಿಂದಲೇ ಎಬ್ಬಿಸಿದರು. ಅದಕ್ಕೆ ಬೇಕಾದ ಎದೆ ನನಗಂತೂ ಇಲ್ಲ. ನನಗೆ ಅವತ್ತು ಆಕೆಯ ಮೇಲೆ ಸಿಟ್ಟೇ ಬಂದಿತ್ತು.

ಅರಸೀಕೆರೆಗೆ ಈ ಸಲ ತಾವೇ ಹೊರಟರು. ಬೆಳಿಗ್ಗೆ ಕೆಮ್ಮಲಿಲ್ಲ, ತಡೆದುಕೊಂಡು ಬಂದರು. ಸ್ನಾನವಿಲ್ಲ, ಮಡಿಯಿಲ್ಲ, ಬಾಯಿಗೆ ತೊಟ್ಟು ನೀರಿಲ್ಲ. ಜಾವಗಲ್ಲು ದಾಟುವಾಗ ಬಸ್ಸಿನ ಕುಲುಕಾಟಕ್ಕೆ ಮುಖ ನೀಲಿಯಾಗಿತ್ತು, ಸೆರಗು ಬಾಯಿಗೊತ್ತಿ ಹಿಡಿದಿದ್ದರು. ಡಾಕ್ಟರ ಮನೆಯ ಜಗಲಿ ಮುಟ್ಟಿದವರೇ ಗಾಜಿನ ಲೋಟ ಕೇಳಿ ತೆಗೆದುಕೊಂಡರು. ರೈಲಿನ ಜನ, ಸಂತೆಯ ಜನ, ಹತ್ತಾರು ಮಂದಿ ಕೂತು ನೋಡುತ್ತಿದ್ದರು. ಹೊರಗಿನವರ ಮುಂದೆ ನೀರು ಕುಡಿದವರಲ್ಲ ಆ ಹೆಂಗಸು. ಅವರೆಲ್ಲರ ಎದುರಿಗೆ ಬಗ್ಗಿ, ಕೆಮ್ಮಿ ಕೆಮ್ಮಿ, ಲೋಟ ಅರ್ಧ ತುಂಬಿಸಿದರು. ನಾತಕ್ಕೆ ಪಕ್ಕದವರು ಎದ್ದು ಹೋದರು. ಅಕ್ಕಯ್ಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರಿಗೆ ಕೊಟ್ಟರು. "ಇದು ಸರಿಯಾದ್ದು. ನೋಡಿ" ಎಂದರು.

ಡಾಕ್ಟರು ಅದನ್ನು ಕಿಟಕಿಯಲ್ಲಿಟ್ಟರು. ಕೊಂಚ ಹೊತ್ತಿಗೆ ಅದು ಮೂರು ಪದರವಾಗಿ ನಿಂತಿತು. ಮೇಲೆ ನೊರೆ, ನಡುವೆ ನೀರು, ತಳದಲ್ಲಿ ಗಸಿ. ಅವರು ಆಕೆಯ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಉಸಿರಿನ ಸದ್ದು ಕೇಳಿದರು. ಒಂದು ದಿನದ್ದು ಸಾಲದು ಎಂದು ಇನ್ನೆರಡು ದಿನ ಉಳಿಸಿಕೊಂಡರು. ಛತ್ರದಲ್ಲಿ ಬಾಳೆಹಣ್ಣು ತಿಂದುಕೊಂಡು ಕಾದೆವು. ಅಕ್ಕಯ್ಯ ಸ್ಟೇಷನ್ನಿನಲ್ಲಿ ಗಾಡಿ ಹೊಗೆ ಬಿಡುವುದನ್ನು ನೋಡುತ್ತ ಕೂತಿರುತ್ತಿದ್ದರು.

ಕೊನೆಗೆ ಡಾಕ್ಟರು ಕರೆದರು. ಕ್ಷಯ ಅಲ್ಲ, ಒಂದು ಸಲವೂ ಕ್ರಿಮಿ ಕಾಣಲಿಲ್ಲ ಎಂದರು. ಹಾಗಾದರೆ ಏನು? ಬ್ರಾಂಕಿಯೆಕ್ಟಾಸಿಸ್ ಎಂದರು. ನಮ್ಮಿಬ್ಬರ ಮುಖ ನೋಡಿ, ತಮಿಳು ಬೆರೆತ ಕನ್ನಡದಲ್ಲಿ ಬಿಡಿಸಿ ಹೇಳಿದರು. ಬಹಳ ವರ್ಷ ಹೊಗೆ ಕುಡಿದು ಶ್ವಾಸಕೋಶ ಸೊರಗಿದೆ, ಸಣ್ಣ ನಾಳಗಳು ಇನ್ನೂ ಸಣ್ಣಗಾಗಿವೆ, ಒಳಗೆ ಹೋದ ಗಾಳಿ ಹೊರಗೆ ಬರುವುದಕ್ಕೆ ಒದ್ದಾಡುತ್ತದೆ. ಅದರ ಮೇಲೆ ಕೆಳಗಿನ ದೊಡ್ಡ ನಾಳಗಳು ಸಡಿಲವಾಗಿ ಅಗಲವಾಗಿವೆ, ಅಲ್ಲಿ ಕಫ ನಿಂತು ಕೊಳೆಯುತ್ತದೆ. ಅಗಲವಾಗಿವೆ ಎನ್ನುವುದಕ್ಕೆ ಅವರು ಕೈ ಅಗಲಿಸಿ ನನ್ನ ಕಡೆ ನೋಡಿದರು. ಮೇಷ್ಟ್ರಲ್ಲವೇ, ನಾನು ಪದ ಒದಗಿಸಿದೆ. "ನಾಳ ಹಿಗ್ಗಿದೆಯಂತೆ ಅಕ್ಕಯ್ಯ."

"ಏನು? ಹಿಗ್ಗಿದೆಯಾ?"

ಅಕ್ಕಯ್ಯನಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮಿನ ನಡುವೆಯೂ ನಕ್ಕರು. "ಮದುವೆಯಾದಾಗಿಂದ ಏನೂ ಹಿಗ್ಗಿರಲಿಲ್ಲ ಕಣೋ ಇಲ್ಲಿ. ಅಂತೂ ಯಾವುದೋ ಒಂದಕ್ಕೆ ಹಿಗ್ಗಾಯ್ತಲ್ಲ!" ನಾನು ಮುಖ ತಿರುಗಿಸಿಕೊಂಡೆ, ಕಣ್ಣು ತುಂಬಿ ಬಂದಿತ್ತು. ಡಾಕ್ಟರಿಗೆ ಏನೆಂದು ತಿಳಿಯಲಿಲ್ಲ.

ನಗು ನಿಂತ ಮೇಲೆ ಆಕೆ ಕೇಳಿದ್ದು ಒಂದೇ. "ಇದು ಇನ್ನೊಬ್ಬರಿಗೆ ಅಂಟುತ್ತಾ? ನಾನು ಬಡಿಸಬಹುದೋ, ಬಾರದೋ?"

"ಅಂಟೋದಿಲ್ಲಮ್ಮ. ಧಾರಾಳವಾಗಿ ಬಡಿಸಿ. ಆದರೆ ಒಲೆ ಬಿಡಬೇಕು. ಹೊಗೆ ಇನ್ನು ನಿಮಗೆ ಆಗೋದಿಲ್ಲ."

ಎಷ್ಟು ದಿನ ಬದುಕುತ್ತೇನೆ ಎಂದು ಕೇಳಲಿಲ್ಲ, ವಾಸಿಯಾಗುತ್ತದೆಯೇ ಎಂದೂ ಕೇಳಲಿಲ್ಲ. ಅದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಆಮೇಲೆ ನನ್ನೊಬ್ಬನಿಗೆ ಹೇಳಿದರು. ದಿನಾ ಬೆಳಿಗ್ಗೆ ಎದೆಯ ಮಟ್ಟದಿಂದ ತಲೆಯನ್ನು ಕೆಳಕ್ಕೆ ಇಳಿಬಿಟ್ಟು ಮಲಗಿ, ಕಫ ತಾನಾಗಿ ಹರಿದು ಬರುವಂತೆ ಮಾಡಬೇಕು, ಯಾವ ಕಾರಣಕ್ಕೂ ನುಂಗಬಾರದು ಎಂದೂ ಹೇಳಿದರು.

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಹಳೇಬೀಡಿನ ಕೆರೆ ಏರಿಯ ಮೇಲೆ ಅಕ್ಕಯ್ಯ ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟರು. "ಊರು ಬಿಡು ಅಂದಿದ್ರೆ ಬಿಡ್ತಿದ್ದೆ. ಒಲೆ ಬಿಡು ಅಂತಾರಲ್ಲೋ. ಇನ್ನೊಬ್ಬರು ಬೇಯಿಸಿದ್ದನ್ನ ನಾನು ಹ್ಯಾಗೋ ಬಡಿಸಲಿ?"

ಒಲೆಯನ್ನು ತಕ್ಷಣ ಬಿಡಲಿಲ್ಲ, ಸುಳ್ಳೇಕೆ ಹೇಳಲಿ. ಇದ್ದಿಲು ತರಿಸಿದರು, ಬೆಳಕಿಂಡಿ ಒಡೆಸಿ ದೊಡ್ಡದು ಮಾಡಿಸಿದರು, ಒಂದು ವರ್ಷ ಹಾಗೂ ಹೀಗೂ ತಳ್ಳಿದರು. ಆಮೇಲೆ ಕೂತಲ್ಲಿಂದ ಏಳುವುದೇ ಕಷ್ಟವಾದಾಗ ಮಾದಿಹಳ್ಳಿಯಿಂದ ನಾದಿನಿಯನ್ನು ಕರೆಸಿಕೊಂಡರು. ತಲೆಕೆಳಗಾಗಿ ಮಲಗುವುದನ್ನು ಮಾತ್ರ, ಮಲಗಲು ಆಗುವವರೆಗೂ, ಒಂದು ದಿನವೂ ತಪ್ಪಿಸಲಿಲ್ಲ. ಹಿತ್ತಿಲ ಜಗಲಿಯ ಅಂಚಿನಿಂದ ತಲೆ ಇಳಿಬಿಟ್ಟು ಮಲಗಿದ್ದನ್ನು ಗೋಡೆಯಾಚೆಯಿಂದ ನೋಡಿ ಪದ್ದಮ್ಮ ಗಾಬರಿಯಾಗಿ, "ಅಯ್ಯೋ, ಇದ್ಯಾವ ವ್ರತ ಅಕ್ಕಯ್ಯ?" ಎಂದರಂತೆ. "ಸೊಸೆ ಅತ್ತೆ ಮಾತು ಕೇಳೋ ಹಾಗೆ ಮಾಡೋ ವ್ರತ ಕಣೇ. ನೀನೂ ಮಾಡು" ಎಂದರಂತೆ ಅಕ್ಕಯ್ಯ. ಪದ್ದಮ್ಮ ನಂಬಿದರೋ ಇಲ್ಲವೋ, ಎಷ್ಟು ವಾರ ಮಾಡಬೇಕು ಎಂದು ಕೇಳಿದ್ದಂತೂ ನಿಜ. ಮಡಿಗೂ ಒಂದು ದಾರಿ ಮಾಡಿಕೊಂಡರು. ಕೆಮ್ಮಿನ ಕಫಕ್ಕೆ ಸ್ನಾನ ಬೇಡ, ಕೈಕಾಲು ತೊಳೆದು ಬಾಯಿ ಮುಕ್ಕಳಿಸಿದರೆ ಸಾಕು. ಯಾವ ಶಾಸ್ತ್ರದಲ್ಲಿದೆ ಇದು ಎಂದು ಪುರೋಹಿತರು ಕೇಳಿದರೆ, "ಅರಸೀಕೆರೆ ಶಾಸ್ತ್ರದಲ್ಲಿ" ಎಂದರು.

ಅಷ್ಟರಲ್ಲಿ ಯುದ್ಧ ಬಂತು. ನನಗೆ ಮದುವೆಯಾಯಿತು, ಅರಸೀಕೆರೆಗೇ ವರ್ಗವಾಯಿತು. ಆಕೆ ಹೋಗುವುದಕ್ಕೆ ಕೆಲವು ದಿನ ಮುಂಚೆ, ಪೆಟ್ರೋಲ್ ಸಿಗದೆ ಇದ್ದಿಲು ಸುಟ್ಟು ಓಡುವ ಬಸ್ಸಿನಲ್ಲಿ ತೆವಳಿಕೊಂಡು ಬೇಲೂರಿಗೆ ಹೋದೆ. ಅಕ್ಕಯ್ಯ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಗಲೂ ರಾತ್ರಿ ಕೂತೇ ಇರುತ್ತಿದ್ದರು. ನನ್ನನ್ನು ಕಂಡು, "ಎಲೆ ಹಾಕು" ಎಂದರು ನಾದಿನಿಗೆ. ಪಂಕ್ತಿಯಲ್ಲಿ ಐದಾರು ಮಂದಿ ಇದ್ದರು. ನನ್ನ ಪಕ್ಕದಲ್ಲಿ ಗುಮಾಸ್ತರು, ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.

ಅನ್ನ, ತೊವ್ವೆ ನಾದಿನಿ ಬಡಿಸಿದರು. ನಮ್ಮಲ್ಲಿ ತುಪ್ಪ ಬೀಳದೆ ಊಟಕ್ಕೆ ಕೈ ಇಡುವಂತಿಲ್ಲ. ಆ ತುಪ್ಪವನ್ನು ಮಾತ್ರ ಅಕ್ಕಯ್ಯ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲವಂತೆ. ಕಂಬ ಹಿಡಿದು ಎದ್ದರು. ತುಪ್ಪದ ಗಿಂಡಿ ಕೈಗೆ ತೆಗೆದುಕೊಂಡು ಮೊದಲ ಎಲೆಗೆ ಬರುವಷ್ಟರಲ್ಲಿ ಕೆಮ್ಮು ಬಂತು. ಗಿಂಡಿ ಕೆಳಗಿಟ್ಟು ಗೋಡೆ ತಡವಿಕೊಂಡು ಹಿತ್ತಿಲಿಗೆ ಹೋದರು. ನಾವು ಕೇಳುತ್ತ ಕೂತೆವು. ಕೆಮ್ಮು, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೆ ಕೆಮ್ಮು. ನಾದಿನಿ ತಡೆಯಲಾರದೆ ಗಿಂಡಿಗೆ ಕೈ ಹಾಕಿದರು.

"ಬೇಡಮ್ಮ, ಅವರೇ ಬರಲಿ. ನಮಗೇನು ಅವಸರ" ಎಂದರು ಗುಮಾಸ್ತರು.

ಬಹಳ ಹೊತ್ತಾದ ಮೇಲೆ ಹಿತ್ತಿಲಲ್ಲಿ ಕೈಕಾಲಿಗೆ ನೀರು ಸುರಿದುಕೊಳ್ಳುವ ಸದ್ದಾಯಿತು. ಬಾಗಿಲಿಗೆ ಬಂದು ನಿಂತರು. ತುಟಿ ದುಂಡಗೆ ಮಾಡಿ ಉಸಿರು ಬಿಟ್ಟು ಬಿಟ್ಟು, ಸುಧಾರಿಸಿಕೊಂಡು, "ಅನ್ನ... ಆರಿತಾ?" ಎಂದರು.

"ಇಲ್ಲ ಅಕ್ಕಯ್ಯ, ಬಿಸಿಯಾಗೇ ಇದೆ" ಎಂದೆ.

"ಕೈ ಸುಡುತ್ತೆ" ಎಂದರು ಗುಮಾಸ್ತರು.

ಅಕ್ಕಯ್ಯ ಎಲೆಗಳನ್ನು ನೋಡಿದರು. ಒಂದರಲ್ಲೂ ಹಬೆಯಿರಲಿಲ್ಲ.

"ಸುಳ್ಳು... ಇಬ್ಬರೂ." ನಾದಿನಿಯ ಕಡೆ ತಿರುಗಿ, "ಬಿಸೀದು... ತಾ" ಎಂದರು.

ನಾದಿನಿ ಒಳಗಿಂದ ಅನ್ನದ ತಪ್ಪಲೆ ತಂದು ಪ್ರತಿಯೊಂದು ಎಲೆಗೂ ಹೊಸದಾಗಿ ಬಡಿಸಿದರು. ಅಷ್ಟು ಹೊತ್ತೂ ಅಕ್ಕಯ್ಯ ಬಾಗಿಲವಾಡ ಹಿಡಿದುಕೊಂಡು ನಿಂತೇ ಇದ್ದರು, ಕೂತುಕೊಳ್ಳಿ ಎಂದು ಹೇಳುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ. ಆಮೇಲೆ ಗಿಂಡಿ ಎತ್ತಿಕೊಂಡು, ಒಂದು ಎಲೆಗೆ ಬಡಿಸಿ, ನಿಂತು ಉಸಿರೆಳೆದು, ಇನ್ನೊಂದು ಎಲೆಗೆ ಬಂದರು. ಕೊನೆಯ ಎಲೆಗೆ ತುಪ್ಪ ಬಿದ್ದಮೇಲೆ, "ಹೂಂ, ಊಟ ಮಾಡ್ರಪ್ಪ" ಎಂದರು. ಕಂಬಕ್ಕೆ ಒರಗಿ ಕೂತು, ನಾವು ಕಡೆಯ ತುತ್ತು ಉಣ್ಣುವವರೆಗೂ ನೋಡಿದರು.